ಅಪ್‌ಡೇಟ್: ವಾಯುಸೇನೆ ಬಿಟ್ಟು ಏರ್‌ಲೈನ್ ಸೇರಿದೆ

ವಾಯುಸೇನೆಯ ಸಾಗಣೆ ವಿಮಾನ ಎಎನ್-32 ಹಾರಿಸುತ್ತಿದ್ದೇನೆ, ಏರ್‌ಲೈನ್‌ಗೆ ಹೋಗಬೇಕು, ಎಲ್ಲಿಂದ ಶುರು ಮಾಡಲಿ ಅಂತ ಹೋದ ವರ್ಷ ಕೇಳಿದ್ದೆ, ನೆನಪಿದೆಯಾ? ಕೆಲಸ ಸಿಕ್ಕಿತು. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಹಾರಾಟದ ಗಂಟೆಗಳದ್ದು ತಲೆಬಿಸಿ ಇರಲಿಲ್ಲ. ಎಟಿಪಿಎಲ್‌ಗೆ, ಅಂದರೆ ಏರ್‌ಲೈನ್ ಪೈಲಟ್ ಲೈಸೆನ್ಸ್‌ಗೆ, 1500 ಗಂಟೆ ಬೇಕು, ನನ್ನ ಹತ್ತಿರ ಜಾಸ್ತಿಯೇ ಇತ್ತು. ಸತಾಯಿಸಿದ್ದು ಕಾಗದಪತ್ರ. ಲಾಗ್‌ಬುಕ್‌ನ ಒಂದು ಪುಟದಲ್ಲಿ ರಾತ್ರಿ ಹಾರಾಟದ ಮೊತ್ತ ಹತ್ತು ನಿಮಿಷ ತಪ್ಪಿತ್ತು. ಅಷ್ಟಕ್ಕೇ ಫೈಲ್ ವಾಪಸ್! ತೀರ್ಥಹಳ್ಳಿಯ ಮನೆಯ ಜಗಲಿಯಲ್ಲಿ, ಪಕ್ಕದಲ್ಲಿ ಅಮ್ಮ ಅಡಿಕೆ ಸುಲಿಯುತ್ತಿದ್ದರೆ, ನಾನು ಮೊದಲ ಪುಟದಿಂದ ಮತ್ತೆ ಕೂಡುತ್ತಾ ಕೂತೆ. ವಿಮಾನಯಾನ ನಿಯಂತ್ರಕ ಡಿಜಿಸಿಎ ನಡೆಸುವ ಪರೀಕ್ಷೆಗೆ ಓದಿದ್ದೂ ಅಲ್ಲೇ, ಕರೆಂಟ್ ಇದ್ದಾಗ. ಮೆಡಿಕಲ್ ಟೆಸ್ಟ್ ಸಲೀಸಾಗಿ ಮುಗಿಯಿತು.

ಏರ್‌ಬಸ್ ಎ320 ಸಿಮ್ಯುಲೇಟರ್ ಮಾತ್ರ ಬೇರೆಯೇ ಲೋಕ. ಇಷ್ಟು ವರ್ಷ ಎರಡೂ ಕೈಯಲ್ಲಿ ಸ್ಟೀರಿಂಗ್‌ನಂಥ ಯೋಕ್ ಹಿಡಿದವನಿಗೆ ಸೀಟಿನ ಪಕ್ಕದ ಆ ಪುಟ್ಟ ಹಿಡಿಕೆ, ಸೈಡ್‌ಸ್ಟಿಕ್, ಆಟದ ಸಾಮಾನಿನ ಹಾಗೆ ಕಂಡಿತು. "ಸುಮ್ನೆ ಬಿಡಿ ಸರ್, ಅದೇ ಹಾರುತ್ತೆ" ಅಂತ ಇನ್‌ಸ್ಟ್ರಕ್ಟರ್ ದಿನಾ ಹೇಳುತ್ತಿದ್ದರು. ಈಗ ನಾನು ಫಸ್ಟ್ ಆಫೀಸರ್, ಅಂದರೆ ಸಹ-ಪೈಲಟ್. ಪಕ್ಕದ ಕ್ಯಾಪ್ಟನ್ ನನಗಿಂತ ಆರು ವರ್ಷ ಚಿಕ್ಕವರು. ಮೊದಲ ವಾರ ಕಸಿವಿಸಿಯಾಯಿತು, ಸುಳ್ಳು ಹೇಳಲ್ಲ.

ಅಮ್ಮನದು ಒಂದೇ ಪ್ರಶ್ನೆ, ಶಿವಮೊಗ್ಗ ವಿಮಾನ ನಿಲ್ದಾಣ ಇರುವ ಸೋಗಾನೆಗೆ ಯಾವಾಗ ವಿಮಾನ ಇಳಿಸ್ತೀಯ ಅಂತ. 2023ರಲ್ಲಿ ಉದ್ಘಾಟನೆಯಾದ ನಮ್ಮ ನಿಲ್ದಾಣದ ರನ್‌ವೇ 3.2 ಕಿ.ಮೀ. ಇದೆ, ಜಾಗಕ್ಕೇನೂ ಕೊರತೆಯಿಲ್ಲ. ನನ್ನ ರೋಸ್ಟರ್‌ನಲ್ಲಿ ಶಿವಮೊಗ್ಗ ಇಲ್ಲ, ಅಷ್ಟೇ.