ಅಮೆರಿಕದ ಸಾಲ, ಡಾಲರ್ ಮತ್ತು ಭಾವನ ವಾದ

ಪ್ರಶ್ನೆ (ದಾವಣಗೆರೆಯಿಂದ): ಮೇಡಂ, ನೀವು ಅಮೆರಿಕದಲ್ಲಿ ಸರ್ಕಾರಿ ಬಾಂಡ್ (ಸಾಲಪತ್ರ) ವ್ಯವಹಾರದಲ್ಲೇ ಇರುವವರು ಅಂತ ಇಲ್ಲಿ ಕೇಳುತ್ತಿದ್ದೇನೆ. ಮೊನ್ನೆ ಗೃಹಪ್ರವೇಶದ ಊಟದಲ್ಲಿ, ಎಲೆ ಮುಂದೆ ಕೂತೇ, ನನಗೂ ಭಾವನಿಗೂ ವಾದ ಆಯಿತು. ಅಮೆರಿಕಕ್ಕೆ 36 ಲಕ್ಷ ಕೋಟಿ ಡಾಲರಿಗಿಂತ ಜಾಸ್ತಿ ಸಾಲ ಇದೆ, ಶ್ರೀಲಂಕಾ ಥರ ದಿವಾಳಿ ಎದ್ದು ಹೋಗುತ್ತದೆ ಅನ್ನುವುದು ಅವರ ಮಾತು. ನೋಟು ಅಚ್ಚು ಹಾಕುವವರೇ ಅವರು, ಅವರಿಗೇನು ಚಿಂತೆ ಅನ್ನುವುದು ನನ್ನ ಮಾತು. ಯಾರು ಸರಿ?

ಉತ್ತರ: ನಿಮ್ಮ ಭಾವ ಹೇಳಿದ ಮೊತ್ತ ಸರಿ, ಶ್ರೀಲಂಕಾ ಹೋಲಿಕೆ ತಪ್ಪು. ನಿಮ್ಮದು ಅದಕ್ಕಿಂತ ಅಪಾಯದ ಮಾತು, ಬೇಜಾರು ಮಾಡಿಕೊಳ್ಳಬೇಡಿ!

2022ರಲ್ಲಿ ಶ್ರೀಲಂಕಾ ಕೈಚೆಲ್ಲಿದ್ದು ಡಾಲರಿನಲ್ಲಿ ಮಾಡಿದ ಸಾಲಕ್ಕೆ. ಡಾಲರು ಅವರು ಅಚ್ಚು ಹಾಕುವಂಥದ್ದಲ್ಲ. ಅಮೆರಿಕ ಸಾಲ ಮಾಡುವುದು ತನ್ನದೇ ಡಾಲರಿನಲ್ಲಿ. ಹಾಗಾಗಿ ದುಡ್ಡಿಲ್ಲ ಅಂತ ಬಾಗಿಲು ಹಾಕುವ ಸ್ಥಿತಿ ತಾನಾಗಿ ಬರುವುದಿಲ್ಲ. ಬಂದರೆ ಅದು ರಾಜಕಾರಣಿಗಳು ತಂದುಕೊಂಡದ್ದು. ಸರ್ಕಾರ ಇಷ್ಟಕ್ಕಿಂತ ಜಾಸ್ತಿ ಸಾಲ ಮಾಡಬಾರದು ಅಂತ ಸಂಸತ್ತಿನದೇ ಒಂದು ಮಿತಿ ಇದೆ, 1917ರ ಕಾನೂನಿನಿಂದ ಬಂದದ್ದು. ಅದನ್ನು ಏರಿಸುವಾಗಲೆಲ್ಲ ಎರಡೂ ಪಕ್ಷದವರು ಕೊನೇ ಗಳಿಗೆವರೆಗೆ ಎಳೆದಾಡುತ್ತಾರೆ. 2011ರಲ್ಲಿ ಹಾಗೆ ಎಳೆದಾಡಿದ್ದಕ್ಕೇ, ಸಾಲ ತೀರಿಸುವ ಭರವಸೆಗೆ ದರ್ಜೆ ಕೊಡುವ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಅಮೆರಿಕದ ಮೊದಲ ದರ್ಜೆ ಕಿತ್ತುಕೊಂಡಿತು. ಅಂಥವೇ ಸಂಸ್ಥೆಗಳಾದ ಫಿಚ್ 2023ರಲ್ಲಿ, ಮೂಡೀಸ್ 2025ರ ಮೇ ತಿಂಗಳಲ್ಲಿ ಕೂಡ ಅದನ್ನೇ ಮಾಡಿದವು.

ಇನ್ನು ನಿಮ್ಮ ನೋಟಿನ ಮಾತು. ಕೋವಿಡ್ ಹೊತ್ತಿನಲ್ಲಿ ಇಲ್ಲಿಯ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ರಾಶಿರಾಶಿ ದುಡ್ಡು ಬಿಟ್ಟಿತು, ಸರ್ಕಾರ ಮನೆಮನೆಗೆ ಚೆಕ್ ಕಳಿಸಿತು. ಅದೊಂದೇ ಕಾರಣ ಅಲ್ಲ, ಆದರೂ 2022ರ ಜೂನ್‌ನಲ್ಲಿ ಹಣದುಬ್ಬರ ಶೇ. 9.1ಕ್ಕೆ ಹೋಯಿತು. ಇಂಡಿಯನ್ ಅಂಗಡಿಯಲ್ಲಿ ಸೋನಾ ಮಸೂರಿ ಚೀಲ ಎತ್ತಿ, ಬೆಲೆ ನೋಡಿ, ಮತ್ತೆ ಕೆಳಗಿಟ್ಟವರಲ್ಲಿ ನಾನೂ ಒಬ್ಬಳು. ಅದನ್ನು ತಗ್ಗಿಸಲು ಸೊನ್ನೆ ಹತ್ತಿರ ಇದ್ದ ಬಡ್ಡಿ ದರವನ್ನು ಶೇ. 5 ದಾಟಿಸಿದರು. ಆಗ ಸರ್ಕಾರದ ಸ್ವಂತ ಸಾಲದ ಬಡ್ಡಿಯೂ ಏರಿತಲ್ವಾ? ನನಗೆ ಹೆದರಿಕೆ ಇರುವುದು ಅಸಲಿನ ಬಗ್ಗೆ ಅಲ್ಲ, ಈ ಬಡ್ಡಿ ಬಗ್ಗೆ.

ಪ್ರಶ್ನೆ (ಅವರೇ): ಖರ್ಚು ಕಡಿಮೆ ಮಾಡಿದರೆ ಆಯಿತಲ್ಲ ಮೇಡಂ? ಊರಿಗೆಲ್ಲ ನೆರವು ಹಂಚುತ್ತಾ ಕೂತರೆ ಇನ್ನೇನಾಗುತ್ತದೆ.

ಉತ್ತರ: ಎಲ್ಲರೂ ಇದನ್ನೇ ಕೇಳುತ್ತಾರೆ. 2024ರ ಲೆಕ್ಕವನ್ನು ಒಂದು ಮನೆಯ ವರ್ಷದ ಖರ್ಚಿನ ಅಳತೆಗೆ ಇಳಿಸುತ್ತೇನೆ, ಸುಮಾರು ಅಂತ ಓದಿಕೊಳ್ಳಿ. ಆದಾಯ 49,000. ಖರ್ಚು 67,500. ಅಂದರೆ 18,000 ಚಿಲ್ಲರೆ ಕೈಸಾಲ, ಈಗಾಗಲೇ ಮೂರೂವರೆ ಲಕ್ಷ ಸಾಲ ಇರುವ ಮನೆಯಲ್ಲಿ. ಖರ್ಚಿನಲ್ಲಿ ವಯಸ್ಸಾದವರ ಪಿಂಚಣಿ, ಅಂದರೆ ಸೋಶಿಯಲ್ ಸೆಕ್ಯುರಿಟಿ, 14,500. ವೃದ್ಧರ, ಬಡವರ ಆಸ್ಪತ್ರೆ ಖರ್ಚು ಇನ್ನೊಂದು 15,000. ಸೇನೆಗೆ 8,500. ಬಡ್ಡಿಗೆ 8,800. ಹೌದು, ಬಡ್ಡಿ ಸೇನೆಯನ್ನು ದಾಟಿದೆ. ಹೊರದೇಶಗಳಿಗೆ ಕೊಡುವ ನೆರವು? ನೂರಕ್ಕೆ ಒಂದು ರೂಪಾಯಿ ಆಸುಪಾಸು, ಅಂದರೆ 700 ಇರಬಹುದು. ಅದನ್ನು ಪೂರ್ತಿ ನಿಲ್ಲಿಸಿದರೂ ಬಡ್ಡಿಯ ಹತ್ತನೇ ಒಂದು ಪಾಲೂ ಹುಟ್ಟುವುದಿಲ್ಲ.

ಟ್ರಂಪ್ ಸರ್ಕಾರದ ಖರ್ಚು ಕತ್ತರಿಸಲು ಮುಂದೆ ಬಂದ ಉದ್ಯಮಿ ಎಲಾನ್ ಮಸ್ಕ್ 2 ಲಕ್ಷ ಕೋಟಿ ಡಾಲರ್ ಉಳಿಸಬಹುದು ಅಂದಿದ್ದರು. ಆರು ತಿಂಗಳಲ್ಲಿ ಆ ಮಾತು 15,000 ಕೋಟಿಗೆ ಇಳಿಯಿತು. ಯಾಕೆಂದರೆ ದೊಡ್ಡ ದುಡ್ಡು ಇರುವುದು ಪಿಂಚಣಿಯಲ್ಲಿ, ಆಸ್ಪತ್ರೆಯಲ್ಲಿ. ಅದಕ್ಕೆ ಕೈ ಹಾಕಿದವನಿಗೆ ವೋಟು ಬೀಳಲ್ಲ. ಒಂದು ಪಕ್ಷ ತೆರಿಗೆ ಏರಿಸಲು ಬಿಡುವುದಿಲ್ಲ, ಇನ್ನೊಂದು ಸವಲತ್ತು ಇಳಿಸಲು ಬಿಡುವುದಿಲ್ಲ, ಸಾಲ ಮಾಡುವುದಕ್ಕೆ ಮಾತ್ರ ಇಬ್ಬರೂ ರೆಡಿ. 2025ರ ಜುಲೈ ಕಾನೂನಿನಲ್ಲಿ ತೆರಿಗೆಯನ್ನೂ ಕಡಿತ ಮಾಡಿ, ಸಾಲದ ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿಕೊಂಡರು.

ನ್ಯೂಯಾರ್ಕಿನಲ್ಲಿ ಈ ಸಾಲ ತೋರಿಸುವ ದೊಡ್ಡ ಗಡಿಯಾರ ಒಂದಿದೆ, 1989ರಿಂದ. 2000ದಲ್ಲಿ ಸಾಲ ಇಳಿಯುತ್ತಿತ್ತು, ಅದಕ್ಕೆ ಪರದೆ ಹಾಕಿ ನಿಲ್ಲಿಸಿದ್ದರು! ಎರಡೇ ವರ್ಷಕ್ಕೆ ಪರದೆ ತೆಗೆಯಬೇಕಾಯಿತು. 2008ರಲ್ಲಿ ಸಾಲ 10 ಲಕ್ಷ ಕೋಟಿ ದಾಟಿದಾಗ ಅಂಕಿ ಹಿಡಿಸಲು ಜಾಗವೇ ಸಾಲದೆ, ಡಾಲರ್ ಚಿಹ್ನೆ ಇದ್ದ ಚೌಕದಲ್ಲಿ 1 ಹಾಕಿದರು.

ಪ್ರಶ್ನೆ (ಹುಬ್ಬಳ್ಳಿಯಿಂದ): ಅಕ್ಕಾ, ಚೀನಾ ತನ್ನ ದುಡ್ಡು ವಾಪಸ್ ಕೇಳಿದರೆ ಅಮೆರಿಕದ ಕಥೆ ಮುಗೀತು ಅಂತಾರಲ್ಲ, ನಿಜಾನಾ?

ಉತ್ತರ: ಬಾಂಡ್ ಅಂದರೆ ಕೈಗಡ ಅಲ್ಲ ತಮ್ಮಾ, ಅವಧಿಗೆ ಮುಂಚೆ ಸರ್ಕಾರವನ್ನು ಕೇಳುವ ಹಾಗಿಲ್ಲ. ಬೇಕಾದರೆ ಬೇರೆಯವರಿಗೆ ಮಾರಬೇಕು. ಚೀನಾ ಅದನ್ನು ಸದ್ದಿಲ್ಲದೆ ಮಾಡುತ್ತಲೇ ಇದೆ: 2013ರಲ್ಲಿ ಅವರ ಹತ್ತಿರ 1.3 ಲಕ್ಷ ಕೋಟಿ ಡಾಲರ್ ಬಾಂಡ್ ಇತ್ತು, ಈಗ 80,000 ಕೋಟಿಗಿಂತ ಕಡಿಮೆ. ಏನೂ ಮುಳುಗಲಿಲ್ಲ. ಹೊರಗಿನವರಲ್ಲಿ ಜಪಾನ್ ಮುಂದಿದೆ. ಅವರೆಲ್ಲರಿಗಿಂತ ಜಾಸ್ತಿ ಸಾಲ ಕೊಟ್ಟವರು ಅಮೆರಿಕನ್ನರೇ. ಅವರ ಪಿಂಚಣಿ ನಿಧಿಗಳು, ಬ್ಯಾಂಕುಗಳು, ಫೆಡರಲ್ ರಿಸರ್ವ್.

ಆದರೆ ಡಾಲರಿನ ಮರ್ಯಾದೆ ಸ್ವಲ್ಪ ಸ್ವಲ್ಪವೇ ಸವೆಯುತ್ತಿದೆ, ಅದು ನಿಜ. 2000ದ ಹೊತ್ತಿಗೆ ಜಗತ್ತಿನ ಕೇಂದ್ರ ಬ್ಯಾಂಕುಗಳ ವಿದೇಶಿ ನಾಣ್ಯ ಸಂಗ್ರಹದಲ್ಲಿ ಶೇ. 70ಕ್ಕಿಂತ ಜಾಸ್ತಿ ಡಾಲರ್ ಇತ್ತು. ಈಗ ಶೇ. 60ಕ್ಕಿಂತ ಕೆಳಗೆ. 2022ರಲ್ಲಿ ಉಕ್ರೇನ್ ಯುದ್ಧಕ್ಕೆ ರಷ್ಯಾದ ಸುಮಾರು 30,000 ಕೋಟಿ ಡಾಲರ್ ಬೆಲೆಯ ಮೀಸಲನ್ನು ಪಶ್ಚಿಮದ ದೇಶಗಳು ತಡೆಹಿಡಿದವು. ರಷ್ಯಾ ಮಾಡಿದ್ದು ತಪ್ಪೇ. ಆದರೂ ಉಳಿದ ದೇಶಗಳು 'ನಾಳೆ ನಮ್ಮದೂ ಹೀಗೇ ಆದರೆ?' ಅಂತ ಯೋಚಿಸದೆ ಇರುತ್ತವೆಯೇ? ಚಿನ್ನ ಕೊಳ್ಳುವುದು ಜಾಸ್ತಿ ಮಾಡಿದವು. ನಮ್ಮ ರಿಸರ್ವ್ ಬ್ಯಾಂಕ್ ಕೂಡ ಲಂಡನ್ನಿನಲ್ಲಿಟ್ಟಿದ್ದ ಚಿನ್ನವನ್ನು ಟನ್‌ಗಟ್ಟಲೆ ವಾಪಸ್ ತಂದಿತು. ಡಾಲರ್ ಬಿಟ್ಟು ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿದರೆ ಮಾತ್ರ ಯಾರ ಬಳಿಯೂ ಉತ್ತರ ಇಲ್ಲ. ಚೀನಾ ತನ್ನ ದುಡ್ಡನ್ನು ಗಡಿ ದಾಟಲು ಸಲೀಸಾಗಿ ಬಿಡುವುದಿಲ್ಲ, ಯೂರೋಪಿನಲ್ಲಿ ದೇಶಕ್ಕೊಂದು ಬೇರೆ ಬಾಂಡು.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ನಾನು ಎಚ್-1ಬಿ ಕೆಲಸದ ವೀಸಾದಲ್ಲಿ ಎಂಟು ವರ್ಷದಿಂದ ಇದ್ದೇನೆ. ಪ್ರತಿ ಸಂಬಳದಲ್ಲೂ ಸೋಶಿಯಲ್ ಸೆಕ್ಯುರಿಟಿ ಅಂತ ಶೇ. 6.2 ಮುರಿಯುತ್ತಾರೆ. ಸರ್ಕಾರದ ಗತಿ ಹೀಗಿದ್ದರೆ ಇದು ನನಗೆ ಸಿಗುತ್ತದಾ?

ಉತ್ತರ: 2025ರ ಟ್ರಸ್ಟಿಗಳ ವರದಿ ಪ್ರಕಾರ ಪಿಂಚಣಿ ನಿಧಿಯ ಉಳಿತಾಯ 2033ಕ್ಕೆ ಖಾಲಿ. ಆಮೇಲೂ ತೆರಿಗೆ ಬರುತ್ತಲೇ ಇರುತ್ತದೆ, ಅದರಲ್ಲಿ ಹೇಳಿದ ಪಿಂಚಣಿಯ ಶೇ. 77ರಷ್ಟು ಕೊಡಬಹುದು. ಅಂದರೆ ಸೊನ್ನೆ ಆಗುವುದಿಲ್ಲ. ಅಷ್ಟರೊಳಗೆ ತೆರಿಗೆ ಏರಿಸಿಯೋ ವಯಸ್ಸು ಮುಂದೂಡಿಯೋ ಏನಾದರೂ ತೇಪೆ ಹಾಕುತ್ತಾರೆ ಅಂತ ನನ್ನ ಅಂದಾಜು, 1983ರಲ್ಲೂ ಹಾಗೇ ಮಾಡಿದ್ದರು.

ನಿಮ್ಮ ತೊಂದರೆ ಬೇರೆ. ಪಿಂಚಣಿಗೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚೆಂದರೆ 4, ಅಂದರೆ ಹತ್ತು ವರ್ಷದ ದುಡಿಮೆ. ಅಲ್ಲಿಯ ವರ್ಷ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಸೇರಿಸುವ ಒಪ್ಪಂದ ಭಾರತಕ್ಕೂ ಅಮೆರಿಕಕ್ಕೂ ಇಲ್ಲ. ಈಗಲೇ ಊರಿಗೆ ಹೊರಟು, ಮತ್ತೆ ಇಲ್ಲಿ ದುಡಿಯದಿದ್ದರೆ ಕಟ್ಟಿದ್ದು ಅಷ್ಟೂ ಹೋಯಿತು. ಇವತ್ತೇ ಸೋಶಿಯಲ್ ಸೆಕ್ಯುರಿಟಿ ವೆಬ್‌ಸೈಟಿನಲ್ಲಿ ಖಾತೆ ತೆರೆದು ನಿಮ್ಮದು ಎಷ್ಟಾಗಿದೆ ನೋಡಿ. 38 ಕ್ರೆಡಿಟ್‌ಗೆ ಬಂದು, ಗೊತ್ತಿಲ್ಲದೆ ಟಿಕೆಟ್ ಬುಕ್ ಮಾಡಿದವರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು.