ಹೊಸ ಆಫೀಸಿನ ನೆಟ್ವರ್ಕ್: ಕರೆಂಟ್ ಹೋಗಿ ಬಂದ್ರ ನಾಕೈದು ಕಂಪ್ಯೂಟರ್ ಟ್ಯಾಲಿ ಹಿಡಿಯಂಗಿಲ್ಲ

ಒಣದ್ರಾಕ್ಷಿ_ವಿಜಯಪುರ
ನಮಸ್ಕಾರ್ರಿ. ವಿಜಯಪುರದಾಗ ಒಣದ್ರಾಕ್ಷಿ ವ್ಯಾಪಾರದ ಹೊಸ ಆಫೀಸ್ ಮಾಡೀವಿ. 12 ಕಂಪ್ಯೂಟರ್, ಒಂದು ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಸರ್ವರ್, ಎರಡು ಪ್ರಿಂಟರ್. ಹದಿನೈದು ದಿನದಿಂದ ತಲಿ ಕೆಟ್ಟು ಹೋಗ್ಯಾದ. ಕರೆಂಟ್ ಹೋಗಿ ಬಂತಂದ್ರ ನಾಕೈದು ಕಂಪ್ಯೂಟರಿಗೆ ನೆಟ್ಟೂ ಇಲ್ಲ, ಟ್ಯಾಲಿನೂ ಇಲ್ಲ. ಇವತ್ತು ಈ ನಾಕು, ನಾಳಿ ಬ್ಯಾರೆ ನಾಕು. ನಿನ್ನೆ ರೈತರು ಬಿಲ್ಲಿಗಂತ ಒಂದೂವರೆ ತಾಸು ಕಾದು ಕುಂತ್ರು, ಅವರಿಗೆ ಮಾರಿ ತೋರಿಸಲಿಕ್ಕೆ ಆಗಲಿಲ್ಲ. ಹಾಕಿಕೊಟ್ಟವರು ಫೋನ್ ಎತ್ತವಲ್ಲರು. ಎಲ್ಲಾ ಸಾಮಾನು ಹೊಸಾದು. ಏನ್ ಮಾಡ್ಲಿ?

ಉದ್ಯಮಬಾಗ_ವೈರಿಂಗ್
ಮೊದಲ ಕೇಬಲ್ ನೋಡ್ರಿ. ಉಳಿದ ತುದಿ ಇದ್ರ ಒಂದು ತಂತಿ ತಗೊಂಡು ಬ್ಲೇಡಿನಿಂದ ಕೆರೀರಿ. ಒಳಗ ಬೆಳ್ಳಗ ಕಂಡ್ರ ಅದು ತಾಮ್ರದ ನೀರು ಕುಡಿಸಿದ ಅಲ್ಯುಮಿನಿಯಂ. ಬೆಳಗಾವ್ಯಾಗ ಹತ್ತು ಕಡೆ ಇದನ್ನ ಕಿತ್ತು ಒಗದೀನಿ.

ಒಣದ್ರಾಕ್ಷಿ_ವಿಜಯಪುರ
ಕೆರದು ನೋಡಿದೆ ಸರ್. ಒಳಗೂ ಕೆಂಪಗೇ ಅದ.

ಉದ್ಯಮಬಾಗ_ವೈರಿಂಗ್
ಹಂಗಾದ್ರ ಕ್ರಿಂಪಿಂಗ್, ಅಂದ್ರ ಕೇಬಲ್ ತುದಿಗೆ ಪಿನ್ ಒತ್ತಿ ಕೂಡಿಸಿದ್ದು, ತಪ್ಪಿರಬೇಕು. ಕಂದು ಜೋಡಿ ಸರಿ ಕುಂತಿರಂಗಿಲ್ಲ. ಗಿಗಾಬಿಟ್‌ಗೆ ನಾಕೂ ಜೋಡಿ ಬೇಕು, ಕಂದು ತಪ್ಪಿದ್ರ ವೇಗ 1000 ಎಂಬಿಪಿಎಸ್‌ದಿಂದ 100ಕ್ಕ ಇಳೀತೈತಿ. 12 ಪಾಯಿಂಟೂ ಟೆಸ್ಟರ್ ಹಚ್ಚಿ ನೋಡ್ರಿ.

ಕಪ್ಪುಕಲ್ಲು_ಮನೆ
ವೈರ್ ಯಾಕೆ ಬೇಕು? ಮೆಶ್ ವೈಫೈ (ಹಲವು ಡಬ್ಬಿ ಸೇರಿ ಒಂದೇ ವೈಫೈ) ಹಾಕಿ, ಒಂದು ದಿನದಲ್ಲಿ ಮುಗಿಯುತ್ತೆ.

ಉದ್ಯಮಬಾಗ_ವೈರಿಂಗ್
ಟ್ಯಾಲಿ ಸರ್ವರ್ ವೈಫೈ ಮ್ಯಾಲ? ಎಂಟ್ರಿ ನಡುವ ಕಡದ್ರ ಡೇಟಾ ಯಾರು ಕಟ್ಟಿಕೊಡ್ತಾರ? ಕುರ್ಚಿಗೆ ಎರಡು ಪಾಯಿಂಟ್ ಎಳೀಬೇಕು, ವೈಫೈ ಏನಿದ್ರೂ ಮೊಬೈಲಿಗೆ.

ಕಪ್ಪುಕಲ್ಲು_ಮನೆ
ನಮ್ಮಲ್ಲಿ ಎರಡು ವರ್ಷದಿಂದ ನಡೀತಿದೆ, ಒಮ್ಮೆಯೂ ಕಡಿದಿಲ್ಲ.

ನವನಗರ_ರ‍್ಯಾಕ್
ಬಾಗಲಕೋಟಿ ನವನಗರದಾಗ ನಮ್ಮ ಆಫೀಸಿಗೆ 9ಯು ರ‍್ಯಾಕ್, 24 ಪೋರ್ಟಿನ ನೆಟ್ವರ್ಕ್ ಸ್ವಿಚ್ (ಎಲ್ಲಾ ಕೇಬಲ್ ಕೂಡೂ ಡಬ್ಬಿ) ಹಾಕೀನಿ. ಪ್ಯಾಚ್ ಕಾರ್ಡ್ (ಜೋಡಿಸೂ ಸಣ್ಣ ಕೇಬಲ್) ಕಂಪ್ಯೂಟರಿಗೆ ನೀಲಿ, ಕ್ಯಾಮರಾಕ್ಕ ಹಳದಿ, ಫೋನಿಗೆ ಹಸಿರು. ಎರಡೂ ತುದಿಗೆ ನಂಬರ್ ಚೀಟಿ. ಕಣ್ಣು ಮುಚ್ಚಿ ಯಾವ ವೈರ್ ಯಾವ ಟೇಬಲ್‌ದು ಹೇಳ್ತೀನಿ. ಫೋಟೋ ಹಾಕ್ಲೇನು?

ಒಣದ್ರಾಕ್ಷಿ_ವಿಜಯಪುರ
ಅಣ್ಣಾ, ಫೋಟೋ ಆಮ್ಯಾಲ ನೋಡೋಣು. 12 ಪಾಯಿಂಟೂ ಟೆಸ್ಟ್ ಮಾಡಿಸಿದೆ, ಎಂಟೂ ದೀಪ ಸಾಲಾಗಿ ಹತ್ತಿದ್ವು. ಸಂಜಿಗೆ ಮತ್ತ ಕರೆಂಟ್ ಹೋತು, ಈ ಸಲ ಐದು ಕಂಪ್ಯೂಟರ್ ಕುಂತ್ವು.

ಕೃಷ್ಣಾತೀರ
ಕೇಬಲ್ ಕೆಟ್ಟಿದ್ರ ದಿನಾ ಅದೇ ಕಂಪ್ಯೂಟರ್ ಕೆಡಬೇಕಿತ್ತು. ಕೆಟ್ಟದ್ದೊಂದು, ಛಲೋ ಇದ್ದದ್ದೊಂದು ಕಂಪ್ಯೂಟರಿನಾಗ ಕಮಾಂಡ್ ಪ್ರಾಂಪ್ಟ್ ತಗದು ಐಪಿಕಾನ್ಫಿಗ್ (ipconfig) ಬಡೀರಿ. ಡಿಫಾಲ್ಟ್ ಗೇಟ್‌ವೇ, ಅಂದ್ರ ಆ ಕಂಪ್ಯೂಟರ್ ಹಿಡದ ರೌಟರಿನ ವಿಳಾಸ, ಅದರ ಮುಂದ ಏನ್ ಬರ್ತೈತಿ ಬರೀರಿ.

ಒಣದ್ರಾಕ್ಷಿ_ವಿಜಯಪುರ
ಛಲೋ ಇದ್ದದ್ದು 192.168.0.1. ಕೆಟ್ಟದ್ದು 192.168.1.1.

ಕೃಷ್ಣಾತೀರ
ಮನ್ಯಾಗ ಇಬ್ಬರು ಯಜಮಾನರು ಇದ್ದಂಗ ಆಗೈತಿ ನೋಡ್ರಿ. ಎಲ್ಲೋ ಇನ್ನೊಂದು ರೌಟರ್ ಐತಿ, ಅದೂ ಐಪಿ (ಕಂಪ್ಯೂಟರಿನ ನೆಟ್ವರ್ಕ್ ವಿಳಾಸ) ಹಂಚಾಕತ್ತೈತಿ. ಎಲ್ಲಿ ಕುಂತೈತಿ?

ಒಣದ್ರಾಕ್ಷಿ_ವಿಜಯಪುರ
ಮ್ಯಾಲಿನ ಮಹಡ್ಯಾಗ ಮಾಲಕರ ಕೋಣಿಗೆ ವೈಫೈ ಸಲುವಾಗಿ ಮನ್ಯಾಗಿನ ಹಳೆ ರೌಟರ್ ತಂದು ಸ್ವಿಚ್ಚಿಗೆ ಚುಚ್ಚೀವಿ. ಅದು ಲೆಕ್ಕಕ್ಕ ಬರ್ತದಂತ ಗೊತ್ತಿರಲಿಲ್ಲ.

ಕೃಷ್ಣಾತೀರ
ಅದ. ಕರೆಂಟ್ ಬಂದಾಗ ಆ ಸಣ್ಣದು ಲಗೂನ ಎದ್ದು ಕುಂದರ್ತೈತಿ, ನಿಮ್ಮ ದೊಡ್ಡ ರೌಟರ್ ಇನ್ನೂ ಕಣ್ಣು ತೆರದಿರಂಗಿಲ್ಲ. ಅಷ್ಟರಾಗ ಐಪಿ ಕೇಳಿದ ಕಂಪ್ಯೂಟರಿಗೆಲ್ಲ ಇದ ಕೊಟ್ಟು ಬಿಡ್ತೈತಿ. ಒಂದು ಲ್ಯಾಪ್‌ಟಾಪ್‌ನ ಅದಕ್ಕಷ್ಟ ಹಚ್ಚಿ ಒಳಗ ಹೋಗ್ರಿ, ಐಪಿ ಹಂಚೂ ಡಿಎಚ್‌ಸಿಪಿ ಬಂದ್ ಮಾಡ್ರಿ, ಅದರ ಸ್ವಂತ ವಿಳಾಸ 192.168.0.2 ಇಡ್ರಿ. ಆ ನಂಬರ್ ದೊಡ್ಡ ರೌಟರ್ ಹಂಚೂ ಪಟ್ಟಿ ಒಳಗ ಇರಬಾರದು. ಸರ್ವರಿಗೂ ಪ್ರಿಂಟರಿಗೂ ಖಾಯಂ ಐಪಿ ಕೊಡ್ರಿ. ಸ್ವಿಚ್ಚು, ದೊಡ್ಡ ರೌಟರ್ ಎರಡೂ ಯುಪಿಎಸ್ ಮ್ಯಾಲ ಹಾಕ್ರಿ, ಬರೇ ಕಂಪ್ಯೂಟರ್ ಅಲ್ಲ.

ಉದ್ಯಮಬಾಗ_ವೈರಿಂಗ್
ಆತು, ಒಪ್ಪಿದೆ. ಆದ್ರ ಕೇಬಲ್ ಕೆರದು ನೋಡಿದ್ದು ಹಾಳಾಗಲಿಲ್ಲ, ತಾಮ್ರಂತ ಖಾತ್ರಿ ಆತು.

ಒಣದ್ರಾಕ್ಷಿ_ವಿಜಯಪುರ
ಇವತ್ತು ನಾನ ಮೇನ್ ಸ್ವಿಚ್ ಮೂರು ಸಲ ಆರಿಸಿ ಹಚ್ಚಿ ನೋಡಿದೆ. 12ಕ್ಕ 12 ಟ್ಯಾಲಿ ಹಿಡದ್ವು. ನಿಮ್ಮ ಉಪಕಾರ ಮರಿಯಂಗಿಲ್ಲ. ಇನ್ನೊಂದು ಹೇಳೂದು ಬಿಟ್ಟಿದ್ದೆ. ಹಿತ್ತಲ ಕೋಲ್ಡ್ ಸ್ಟೋರೇಜಿನ ತೂಕದ ಕಾಟಾದ ಹತ್ರನೂ ಒಂದು ಕಂಪ್ಯೂಟರ್ ಇಡಬೇಕು. ಟೇಪ್ ಹಿಡದು ಅಳದೆ, 130 ಮೀಟರ್.

ಉದ್ಯಮಬಾಗ_ವೈರಿಂಗ್
ಕ್ಯಾಟ್ 6 ತಾಮ್ರದ ಕೇಬಲ್ 100 ಮೀಟರಿಗೆ ಮುಗೀತು. ನಡುವ ಸ್ವಿಚ್ ಇಟ್ಟು ಎಳೀಬಹುದು.

ಕೃಷ್ಣಾತೀರ
ಬಯಲಾಗ ಸ್ವಿಚ್ ಇಟ್ಟು ಕರೆಂಟ್ ಎಲ್ಲಿಂದ ತರ್ತೀರಿ? ಫೈಬರ್ ಎಳೀರಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನ ತಾಮ್ರದ ಸಿಗ್ನಲ್ ಮಾಡೂ ಡಬ್ಬಿ). ಎರಡು ಕಟ್ಟಡದ ಅರ್ಥಿಂಗ್ ಬ್ಯಾರೆ ಬ್ಯಾರೆ ಇರ್ತಾವ. ತಾಮ್ರ ಎಳದ್ರ ಸಿಡಿಲು ಹೊಡದಾಗ ಎರಡೂ ಕಡೆ ಪೋರ್ಟ್ ಸುಡಬಹುದು. ಗಾಜಿನ ಎಳಿಯಾಗ ಕರೆಂಟ್ ಹರಿಯಂಗಿಲ್ಲ.

ಒಣದ್ರಾಕ್ಷಿ_ವಿಜಯಪುರ
ಫೈಬರ್ ಆತು. ಆದ್ರ ನಡುವ ದ್ರಾಕ್ಷಿ ಲಾರಿ ಓಡಾಡೂ ದಾರಿ ಅದ. ಪೈಪ್ ಎಷ್ಟು ಆಳ ಹೂಳಬೇಕು? ಮಳಿ ಶುರು ಆಗೂದ್ರೊಳಗ ಅಗಸಬೇಕು.