ಸಹಾಯ ಬೇಕು: ನ್ಯೂಟ್ರಾನ್ ನಿಧಾನವಾದರೆ ಯುರೇನಿಯಂ ಒಡೆಯುವುದು ಹೇಗೆ?

ಮಗಳಿಗೆ ಪಿಯುಸಿ ಫಿಸಿಕ್ಸ್ ಹೇಳಿಕೊಡಲು ಕೂತು ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ಉದಾಹರಣೆಗೆ ನಮ್ಮ ಕೈಗಾ ಅಣುಸ್ಥಾವರ ತೆಗೆದುಕೊಂಡೆ. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರ್‌ಗಳಿವೆ, ಇಂಧನ ನೈಸರ್ಗಿಕ ಯುರೇನಿಯಂ. ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಬರೀ 0.7%. ಒಡೆದಾಗ ಎರಡು-ಮೂರು ನ್ಯೂಟ್ರಾನ್ ಹೊರಬರುತ್ತವೆ, ಶಾಖದಿಂದ ಹಬೆ, ಹಬೆಯಿಂದ ಟರ್ಬೈನ್. ಇಲ್ಲಿಯವರೆಗೆ ಸರಿ.

ಆದರೆ ಅಲ್ಲಿ ಬಳಸುವ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ನ್ಯೂಟ್ರಾನಿನ ವೇಗ ಇಳಿಸುತ್ತದಂತೆ, ಅದರಿಂದಲೇ ಸರಣಿ ಕ್ರಿಯೆ, ಅಂದರೆ ಒಂದು ಒಡೆದು ಬಂದ ನ್ಯೂಟ್ರಾನ್ ಇನ್ನೊಂದನ್ನು ಒಡೆಯುವುದು, ನಡೆಯುತ್ತದಂತೆ! ಜೋರಾಗಿ ಹೊಡೆದರೆ ತಾನೆ ತೆಂಗಿನಕಾಯಿ ಒಡೆಯುವುದು? ಪಠ್ಯಪುಸ್ತಕ ಓದಿದೆ, ಮೂರು ವಿಡಿಯೋ ನೋಡಿದೆ. ಎಲ್ಲರೂ ‘ನಿಧಾನವಾದರೆ ಸಾಧ್ಯತೆ ಜಾಸ್ತಿ’ ಅಂತ ಹೇಳಿ ಸುಮ್ನೆ ಮುಂದೆ ಹೋಗುತ್ತಾರೆ. ಮಾಮೂಲಿ ನೀರು ನ್ಯೂಟ್ರಾನ್‌ಗಳನ್ನು ಜಾಸ್ತಿ ಹೀರುತ್ತದೆ, ಅದಕ್ಕೇ ಭಾರಜಲ ಅನ್ನುವುದು ಮಾತ್ರ ಅರ್ಥವಾಯಿತು.

ನಿಧಾನದ ನ್ಯೂಟ್ರಾನ್ ಯುರೇನಿಯಂ-235ನ್ನು ಹೆಚ್ಚು ಸುಲಭವಾಗಿ ಒಡೆಯುವುದು ಯಾಕೆ? ಸೂತ್ರ ಬೇಡ, ಮಾತಲ್ಲೇ ಯಾರಾದರೂ ಬಿಡಿಸಿ ಹೇಳುತ್ತೀರಾ?